ಒಂದೇ ಮನೆ, ಐದು ಮೊಹರು: ಯಲಹಂಕ ಬೆಂಗಳೂರಿಗೆ ಸೇರಿದ ಪ್ರಕರಣ

ನಮ್ಮ ಬೀದಿಯ ದೊಡ್ಡಮ್ಮನ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆ. ಅದರ ತಳದಲ್ಲಿ ಸೀರೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರು. ಕವರಿನೊಳಗೆ ಮನೆ ಕಾಗದ. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಒಂದು ಮನೆ. ಕಟ್ಟಿದ ದಿನದಿಂದ ಇವತ್ತಿನವರೆಗೆ ಒಂದು ಅಂಗುಲವೂ ಅತ್ತಿತ್ತ ಸರಿದಿಲ್ಲ. ಆದರೆ ಕಾಗದಗಳ ಮೇಲಿನ ಮೊಹರು ಐದು ಬಗೆ: ಮಂಡಲ ಪಂಚಾಯಿತಿ, ಗ್ರಾಮ ಪಂಚಾಯಿತಿ, ನಗರಸಭೆ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಈಗ ಬೆಂಗಳೂರು ಉತ್ತರ ನಗರ ಪಾಲಿಕೆ.

ಒಂದು ಊರು ಪಕ್ಕದ ದೊಡ್ಡ ಊರಿನೊಳಗೆ ಸೇರಿದಾಗ ಏನಾಗುತ್ತದೆ ಅಂತ ತಿಳಿಯಲು ಈ ಕವರಿಗಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ. ನಾನು ಕೆಲವು ವರ್ಷ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿಯಾಗಿದ್ದೆ. ಆಗ ಕೈಹಾಕಿದ ಪ್ರಕರಣ ಇದು. ಅವರ ಹೆಸರು, ಬಡಾವಣೆಯ ಹೆಸರು, ಯಾವ ಕಚೇರಿ ಅನ್ನುವುದು ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಾಯಿಸಿದ್ದೇನೆ. ಬೀದಿಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತಾರೆ, ಹಾಗಾಗಿ ಇಲ್ಲೂ ಹಾಗೇ ಇರಲಿ. ಊರಿನ ಹೆಸರನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ.

ಹಿನ್ನೆಲೆ

ಯಲಹಂಕ ಬೆಂಗಳೂರಿನ ಬಾಲ ಅಲ್ಲ. ಲೆಕ್ಕಕ್ಕೆ ತಗೊಂಡರೆ ಬೆಂಗಳೂರೇ ಯಲಹಂಕದ ಮಗು. ಚೋಳರ ಕಾಲದಲ್ಲಿ ಈ ಸೀಮೆಗೆ ಇಲೈಪಾಕ್ಕ ನಾಡು ಅಂತ ಹೆಸರಿತ್ತು. ಮುಂದೆ ವಿಜಯನಗರದ ಅಧೀನದಲ್ಲಿ ಯಲಹಂಕ ನಾಡಪ್ರಭುಗಳು ಇಲ್ಲಿಂದ ಆಳಿದರು. ಆ ವಂಶದ ಕೆಂಪೇಗೌಡರೇ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆ ಕಟ್ಟಿಸಿ, ರಾಜಧಾನಿಯನ್ನು ಅತ್ತ ಕೊಂಡೊಯ್ದರು. ಯಲಹಂಕ ಹಿಂದೆ ಉಳಿಯಿತು. ಸುಮಾರು ನಾಲ್ಕು ನೂರು ವರ್ಷ ಅದು ಕೆರೆ, ಸಂತೆ, ತೋಟ ಇರುವ ಒಂದು ಸಾಮಾನ್ಯ ಊರಾಗಿ ಬದುಕಿತು.

ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕಳೆ ಬಂತು. ರೈಲು ಜಂಕ್ಷನ್ ಆಯಿತು. ಬಂಗಾರಪೇಟೆ ಕಡೆಯಿಂದ ಕೋಲಾರ, ಚಿಕ್ಕಬಳ್ಳಾಪುರ ಹಾದು ಸಣ್ಣ ರೈಲು ಬಂದು ಇಲ್ಲೇ ನಿಲ್ಲುತ್ತಿತ್ತು. 1963ರಲ್ಲಿ ವಾಯುನೆಲೆ ಬಂತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ. ಗೃಹ ಮಂಡಳಿ ಕಟ್ಟಿದ ಉಪನಗರ. ನಾವು ಈಗಲೂ ಅದನ್ನು 'ನ್ಯೂ ಟೌನ್' ಅಂತೀವಿ, ವಿಳಾಸದಲ್ಲಿ ಎ ಸೆಕ್ಟರ್, ಬಿ ಸೆಕ್ಟರ್ ಅಂತ ಬರೀತೀವಿ. ಕೆಲಸ, ಮನೆ, ಸಂತೆ, ಸಿನಿಮಾ ಎಲ್ಲ ಇಲ್ಲೇ. ಮೆಜೆಸ್ಟಿಕ್‌ಗೆ ಹೋಗುವುದು ಅಂದರೆ ಊರು ಬಿಟ್ಟು ಊರಿಗೆ ಹೋಗುವುದು.

1990ರ ದಶಕದಲ್ಲಿ ಬೆಂಗಳೂರಿನ ಸುತ್ತ ಏಳು ನಗರಸಭೆಗಳು ಎದ್ದವು: ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ. ಜೊತೆಗೆ ಕೆಂಗೇರಿ ಪುರಸಭೆ. ಇವುಗಳಲ್ಲಿ ಜಾಸ್ತಿಯವು ಹಳ್ಳಿಗಳ ಗುಂಪಿಗೆ ಹೊಸದಾಗಿ ಹಚ್ಚಿದ ಹೆಸರು. ಯಲಹಂಕಕ್ಕೆ ಹಾಗಲ್ಲ, ಅದಕ್ಕೆ ತನ್ನದೇ ಗತ್ತಿತ್ತು. 2001ರ ಜನಗಣತಿಯಲ್ಲಿ ಇಲ್ಲಿ ಸುಮಾರು 93 ಸಾವಿರ ಜನ ಇದ್ದರು.

ದೊಡ್ಡಮ್ಮನ ಯಜಮಾನರು ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. 1980ರ ದಶಕದ ಕೊನೆಗೆ ಊರಂಚಿನಲ್ಲಿ ಸೈಟು ಕೊಂಡರು. ಆಗ ಅದು ಮಂಡಲ ಪಂಚಾಯಿತಿ. ಕಾಗದದಲ್ಲಿ ಖಾನೇಷುಮಾರಿ ನಂಬರು, ಅಂದರೆ ಪಂಚಾಯಿತಿಯ ಮನೆಪಟ್ಟಿಯ ನಂಬರು, ನೀಲಿ ಶಾಯಿಯ ದುಂಡನೆ ಮೊಹರು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು. ಆಮೇಲೆ ನಗರಸಭೆ. ಮನೆ ಎದ್ದಿದ್ದು ನಗರಸಭೆಯ ಕಾಲದಲ್ಲಿ.

ಆ ಕಾಲವನ್ನು ದೊಡ್ಡಮ್ಮ ನೆನೆಯುವುದು ಒಂದೇ ಮಾತಲ್ಲಿ: 'ಬಿಲ್ ಕಲೆಕ್ಟರ್ ಮನೆಗೇ ಬರೋನು. ಮಜ್ಜಿಗೆ ಕುಡ್ಕೊಂಡು ಹೋಗೋನು.' ಚಿನ್ನದ ಕಾಲ ಏನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀರು ಬೋರ್‌ವೆಲ್‌ದು, ಅದೂ ಎರಡು ಮೂರು ದಿನಕ್ಕೊಮ್ಮೆ. ಒಳಚರಂಡಿ ಅರ್ಧಕ್ಕರ್ಧ ಬೀದಿಗೆ ಇರಲಿಲ್ಲ. ಮಳೆ ಬಂದರೆ ನಮ್ಮ ರಸ್ತೆ ಕೆಸರುಗದ್ದೆ. ಆದರೆ ಬೈಯಬೇಕು ಅಂದರೆ ಯಾರನ್ನು ಬೈಯಬೇಕು ಅಂತ ಗೊತ್ತಿತ್ತು. ವಾಟರ್‌ಮನ್ ಎಲ್ಲಿ ಚಹಾ ಕುಡಿಯುತ್ತಾನೆ ಅಂತಲೂ ಗೊತ್ತಿತ್ತು.

ಸಮಸ್ಯೆ ಶುರುವಾದದ್ದು

2000ದ ನಂತರ ಬೆಂಗಳೂರು ಬೆಳೆದದ್ದೆಲ್ಲ ಹೊರಗೆ, ಪಾಲಿಕೆಯ ಗಡಿಯಾಚೆ. ಹಳೇ ಪಾಲಿಕೆಗೆ 100 ವಾರ್ಡ್, ಸುಮಾರು 226 ಚದರ ಕಿಲೋಮೀಟರ್. ಸಾಫ್ಟ್‌ವೇರ್ ಕಂಪನಿಗಳು, ಅಪಾರ್ಟ್‌ಮೆಂಟುಗಳು ಎದ್ದದ್ದು ನಗರಸಭೆಗಳ ಜಾಗದಲ್ಲಿ. ದೊಡ್ಡ ರಸ್ತೆ, ಕಾವೇರಿ ನೀರು, ಚರಂಡಿ ಇವನ್ನು ಒದಗಿಸುವ ಶಕ್ತಿ ನಗರಸಭೆಗಳಿಗೆ ಇರಲಿಲ್ಲ. ನಮ್ಮ ಕಡೆ ಇನ್ನೊಂದು ಒತ್ತಡವೂ ಸೇರಿಕೊಂಡಿತು. ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣದ ಕೆಲಸ ಶುರುವಾಗಿತ್ತು. ಅದು 2008ರ ಮೇ ತಿಂಗಳಲ್ಲಿ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿ ಸೈಟಿನ ಬೆಲೆ ಬೆಳಗ್ಗೆ ಒಂದು, ಸಂಜೆ ಒಂದು.

ಬೃಹತ್ ಬೆಂಗಳೂರು ಮಾಡುವ ತೀರ್ಮಾನ 2006ರಲ್ಲಿ ಆಯಿತು. 2007ರ ಜನವರಿ 16ರಂದು ಅಧಿಸೂಚನೆ ಹೊರಬಿತ್ತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಂದೇ ಏಟಿಗೆ ಪಾಲಿಕೆಗೆ ಸೇರಿದವು. ವಿಸ್ತೀರ್ಣ 700 ಚದರ ಕಿಲೋಮೀಟರ್ ದಾಟಿತು.

ಸೇರಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಎಂಟು ಸಣ್ಣ ಸಂಸ್ಥೆಗಳು ಎಂಟು ದಿಕ್ಕಿಗೆ ಎಳೆಯುತ್ತಿದ್ದರೆ ಕೆರೆಯೂ ಉಳಿಯುವುದಿಲ್ಲ, ರಸ್ತೆಯೂ ಆಗುವುದಿಲ್ಲ. ನನ್ನ ತಕರಾರು ಕೆಲಸ ನಡೆದ ಕ್ರಮದ್ದು. ಪಾಲಿಕೆಯ ಚುನಾಯಿತ ಸಭೆಯ ಅವಧಿ 2006ರ ನವೆಂಬರಿನಲ್ಲೇ ಮುಗಿದಿತ್ತು. ನಗರಸಭೆ ವಿಲೀನವಾದಾಗ ಅದರ ಸದಸ್ಯರ ಸ್ಥಾನವೂ ಹೋಯಿತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ನಡುವೆ ಮೂರು ವರ್ಷಕ್ಕೂ ಮೇಲೆ ಆಡಳಿತಾಧಿಕಾರಿಯ ಕಾಲ. ಇಷ್ಟು ದೊಡ್ಡ ಊರನ್ನು ಹೇಗೆ ಆಳಬೇಕು ಅಂತ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟದ್ದು 2008ರ ಮಾರ್ಚ್‌ನಲ್ಲಿ, ಅಂದರೆ ಸೇರಿಸಿಯಾದ ಒಂದು ವರ್ಷದ ಮೇಲೆ. ಮದುವೆ ಮುಗಿದ ಮೇಲೆ ಜಾತಕ ತೋರಿಸಿದ ಹಾಗೆ, ಅಲ್ವಾ?

ಆ ಮೂರು ವರ್ಷದ ಮಧ್ಯದಲ್ಲೇ ದೊಡ್ಡಮ್ಮನ ಯಜಮಾನರು ತೀರಿಕೊಂಡರು. ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರು ಹೋದಾಗ ಗೊತ್ತಾಯಿತು: ಮನೆ ಬಿ ರಿಜಿಸ್ಟರಿನಲ್ಲಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸರಿಯಾಗಿ ಭೂಪರಿವರ್ತನೆ ಆಗಿ, ಬೆಟರ್‌ಮೆಂಟ್ ಅಂದರೆ ಅಭಿವೃದ್ಧಿ ಶುಲ್ಕ ಕಟ್ಟಿ, ದಾಖಲೆ ಪೂರ್ತಿ ಇದ್ದರೆ ಎ ಖಾತೆ. ಏನಾದರೂ ಕೊರತೆ ಇದ್ದರೆ, ತೆರಿಗೆ ವಸೂಲಿಗಷ್ಟೇ ಇನ್ನೊಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅದಕ್ಕೆ ಜನ ಇಟ್ಟ ಹೆಸರು ಬಿ ಖಾತೆ. ಆಗ ಬಿ ಖಾತೆ ಇದ್ದರೆ ಬ್ಯಾಂಕಿನವರು ಸಾಲ ಕೊಡಲು ಮೂಗು ಮುರಿಯುತ್ತಿದ್ದರು, ಮೇಲೊಂದು ಮಹಡಿ ಕಟ್ಟಲು ಪ್ಲಾನ್ ಮಂಜೂರಾಗುತ್ತಿರಲಿಲ್ಲ. ತೆರಿಗೆ ಮಾತ್ರ ಎರಡಕ್ಕೂ ಇದೆ. ದೊಡ್ಡಮ್ಮನಿಗೆ ಮಗಳ ಮದುವೆಗೆ ಸಾಲ ಬೇಕಿತ್ತು.

'ನಮ್ಮನೆಯವ್ರು ಎಲ್ಲಾ ಕಟ್ಟಿದ್ರು ಕಣಪ್ಪಾ. ಸಾಲಾಗಿ ನಿಂತ್ಕೊಂಡು ಕಟ್ಟಿ ಬಂದಿದ್ರು' ಅಂದರು. ಏನು ಕಟ್ಟಿದ್ದರು, ಯಾವಾಗ ಅಂತ ಕೇಳಿದರೆ ಗೊತ್ತಿಲ್ಲ.

ಏನೇನು ಮಾಡಿ ನೋಡಿದೆವು

ಮೊದಲು ಹಳೇ ನಗರಸಭಾ ಸದಸ್ಯರ ಮನೆಗೆ ಹೋದೆವು. ಅಭ್ಯಾಸಬಲ. ಕಾಫಿ ಕೊಟ್ಟರು, ಕೂರಿಸಿಕೊಂಡು ಮಾತಾಡಿದರು, 'ನಂದೇನೂ ನಡೆಯಲ್ಲ ಈಗ' ಅಂದರು. ನಿಜವನ್ನೇ ಹೇಳಿದರು. ಇದರಲ್ಲಿ ಒಂದು ತಿಂಗಳು ಹೋಯಿತು.

ಆಮೇಲೆ ಒಬ್ಬ ಏಜೆಂಟ್. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಿರುತ್ತಿದ್ದ. ಎ ಖಾತೆ ಮಾಡಿಸಿಕೊಡುತ್ತೇನೆ, ಇಷ್ಟಾಗುತ್ತೆ, ಅರ್ಧ ಮುಂಗಡ ಅಂದ. ದೊಡ್ಡಮ್ಮ ಕೊಡಲು ತಯಾರಾಗಿಬಿಟ್ಟಿದ್ದರು. ನಾನು ತಡೆದದ್ದಕ್ಕೆ ಎರಡು ದಿನ ಮಾತಾಡಲಿಲ್ಲ. ಮುಂದೆ ಅವನ ಮೂಲಕ ಖಾತೆ ಮಾಡಿಸಿಕೊಂಡ ಒಬ್ಬರ ಕಾಗದ ನೋಡಿದೆ. ನಂಬರು ಬೇರೆಯವರ ಆಸ್ತಿಯದು. ಆ ಎರಡು ದಿನದ ಮೌನ ಅಗ್ಗವಾಯಿತು ಅಂದುಕೊಂಡೆ.

ಮೂರನೆಯದು ಮಾಹಿತಿ ಹಕ್ಕಿನ ಅರ್ಜಿ. ಉತ್ತರ ಬಂತು, ಹೊತ್ತಿಗೂ ಬಂತು. ನೀವು ಕೇಳಿದ ನಂಬರಿನ ಆಸ್ತಿಗೆ ಬೆಟರ್‌ಮೆಂಟ್ ಕಟ್ಟಿದ ದಾಖಲೆ ಲಭ್ಯವಿಲ್ಲ ಅಂತ. ಅಲ್ಲಿ ನಾನು ಸೋತೆ ಅಂದುಕೊಂಡಿದ್ದೆ. ಆದರೆ ಇಡೀ ಪ್ರಕರಣದ ಬೀಗದ ಕೈ ಆ ಒಂದು ಸಾಲಿನಲ್ಲೇ ಇತ್ತು: 'ನೀವು ಕೇಳಿದ ನಂಬರಿನ.' ಅದನ್ನು ಗಮನಿಸಲು ನನಗೆ ಮೂರು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ಗೊಂದಲ. ನಗರಸಭೆಯಲ್ಲಿ ತೆರಿಗೆ ಲೆಕ್ಕ ಆಸ್ತಿಯ ಬೆಲೆಯ ಮೇಲೆ ಇರುತ್ತಿತ್ತು. 2008-09ರಿಂದ ಪಾಲಿಕೆ ಹೊಸ ಪದ್ಧತಿ ತಂದಿತು. ನಿಮ್ಮ ರಸ್ತೆ ಎ ಯಿಂದ ಎಫ್ ತನಕ ಯಾವ ವಲಯಕ್ಕೆ ಬರುತ್ತದೆ ನೋಡಿ, ಚದರಡಿಗೆ ಇಷ್ಟು ಅಂತ ನೀವೇ ಲೆಕ್ಕ ಹಾಕಿ ಕಟ್ಟಬೇಕು. ಪದ್ಧತಿ ಒಳ್ಳೆಯದೇ. ಆದರೆ ಹೊಸ ನಮೂನೆ ತುಂಬುವಾಗ ನಮ್ಮ ಬೀದಿಯ ಅರ್ಧ ಜನ ಹಳೇ ಸೈಟ್ ನಂಬರು ಬರೆದರು, ಇನ್ನರ್ಧ ಮನೆ ಮುಂದಿನ ಹೊಸ ನಂಬರು ಬರೆದರು. ದೊಡ್ಡಮ್ಮನ ನಮೂನೆ ತುಂಬಿಕೊಟ್ಟವನು ನಾನೇ. ಬರೆದದ್ದು ಹೊಸ ನಂಬರು.

ತಿರುವು

ತಿರುವು ಬಂದದ್ದು ಎಲ್‌ಐಸಿ ಪಾಲಿಸಿಯಿಂದ. ಯಜಮಾನರ ಪಾಲಿಸಿ ಹಣಕ್ಕಾಗಿ ದೊಡ್ಡಮ್ಮ ಹಳೇ ಲಕೋಟೆಗಳನ್ನೆಲ್ಲ ಕೊಡವುತ್ತಿದ್ದಾಗ ಗುಲಾಬಿ ಬಣ್ಣದ ಒಂದು ರಸೀದಿ ಬಿತ್ತು. ನಗರಸಭೆಯದು, 2005ರದು. ಕಾರ್ಬನ್ ಪ್ರತಿ, ಅಕ್ಷರ ಮಾಸಿತ್ತು. ಸಂಜೆ ಬಿಸಿಲಿಗೆ ಹಿಡಿದರೆ 'ಅಭಿವೃದ್ಧಿ ಶುಲ್ಕ' ಅನ್ನುವುದು ಓದಲು ಬರುತ್ತಿತ್ತು. ಆಸ್ತಿ ವಿವರದಲ್ಲಿ ಸರ್ವೆ ನಂಬರು, ಸೈಟ್ ನಂಬರು, ಅದರ ಪಕ್ಕ ಪಂಚಾಯಿತಿ ಕಾಲದ ಖಾನೇಷುಮಾರಿ ನಂಬರು. ಬಡಾವಣೆಯ ಹೆಸರೂ ಈಗಿನದಲ್ಲ. ಮೊದಲು ಸೈಟ್ ಮಾಡಿ ಮಾರಿದವರ ಮನೆ ದೇವರ ಹೆಸರು ಅದು.

ಅದನ್ನು ತಗೊಂಡು ಕಚೇರಿಗೆ ಹೋದೆವು. ಅಲ್ಲಿ ಒಬ್ಬ ಗುಮಾಸ್ತರಿದ್ದರು, ನಗರಸಭೆಯಲ್ಲಿದ್ದು ವಿಲೀನದ ಜೊತೆ ಪಾಲಿಕೆಗೆ ಬಂದವರು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ರಸೀದಿ ನೋಡಿದವರೇ, 'ಇದು ನಮ್ಮ ಇಂಥವರ ಕೈಬರಹ. ಈ ಪುಸ್ತಕದ ಲೆಕ್ಕ ಹಳೇ ಡಿಮ್ಯಾಂಡ್ ರಿಜಿಸ್ಟರಿಗೆ ಏರಿರಬೇಕು' ಅಂದರು. ಬೀರುವಿನ ಮೇಲಿನ ಬಟ್ಟೆಗಂಟು ಇಳಿಸಿದರು. ಧೂಳಿಗೆ ಮೂವರೂ ಸೀನಿದೆವು. ಕೆಂಪು ರಟ್ಟಿನ ಉದ್ದನೆ ಪುಸ್ತಕ, ಅಂಚು ಇಲಿ ಕಡಿದದ್ದು. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿದರು. ಹಳೇ ಬಡಾವಣೆ ಹೆಸರಿನ ಕೆಳಗೆ, ಖಾನೇಷುಮಾರಿ ನಂಬರಿನ ಎದುರು, ದೊಡ್ಡಮ್ಮನ ಯಜಮಾನರ ಹೆಸರು. ಕಟ್ಟಿದ ಮೊತ್ತ, ದಿನಾಂಕ, ಸಹಿ.

ದೊಡ್ಡಮ್ಮ ಆ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತರು.

ಯಾರೂ ಮೋಸ ಮಾಡಿರಲಿಲ್ಲ. ದಾಖಲೆ ಕಳೆದೂ ಹೋಗಿರಲಿಲ್ಲ. ಒಂದೇ ಮನೆಗೆ ನಾಲ್ಕು ನಂಬರು ಇದ್ದವು, ಹೊಸ ಪಟ್ಟಿಗೆ ಹೋದದ್ದು ಮನೆ ಮುಂದಿನ ಹೊಸ ನಂಬರು, ಹಣ ಕಟ್ಟಿದ್ದು ಹಳೇ ಖಾನೇಷುಮಾರಿ ನಂಬರಿನ ಮೇಲೆ. ಆ ಎರಡು ಒಂದೇ ಅಂತ ಬಲ್ಲವರು ಇಬ್ಬರೇ: ತೀರಿಹೋದ ಯಜಮಾನರು, ಮಜ್ಜಿಗೆ ಕುಡಿದು ಹೋಗುತ್ತಿದ್ದ ಬಿಲ್ ಕಲೆಕ್ಟರ್. ವಿಲೀನದ ಜೊತೆ ರಿಜಿಸ್ಟರುಗಳು ಬಂದವು. ಅವನ್ನು ಓದಲು ಬೇಕಾದ ನೆನಪು ಬರಲಿಲ್ಲ. ಊರು ಸೇರಿಸುವವರು ಗಡಿ, ವಾರ್ಡ್, ಸಿಬ್ಬಂದಿ ಎಲ್ಲವನ್ನೂ ಎಣಿಸುತ್ತಾರೆ. ಹಳೇ ನಂಬರು ಹೊಸ ನಂಬರು ಎದುರುಬದುರು ಬರೆದ ಒಂದು ಪಟ್ಟಿಯನ್ನು ಮೊದಲ ತಿಂಗಳಲ್ಲೇ, ಹಳೇ ಜನ ಇರುವಾಗಲೇ ಮಾಡಿಸಿದ್ದರೆ ನಮ್ಮಂಥ ಎಷ್ಟೋ ಬೀದಿಗಳಿಗೆ ಈ ಓಡಾಟ ತಪ್ಪುತ್ತಿತ್ತು.

ಆ ಪಟ್ಟಿಯನ್ನು ಕೊನೆಗೆ ಮಾಡಿದ್ದು ನಾವೇ. ಎರಡು ಭಾನುವಾರ, ಸಂಘದ ನಾಲ್ಕು ಜನ, ಮನೆ ಮನೆಗೆ ಹೋಗಿ ಎಲ್ಲ ಕಾಗದ ನೋಡಿ, ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆದೆವು: ಸರ್ವೆ ನಂಬರು, ಖಾನೇಷುಮಾರಿ, ಸೈಟ್ ನಂಬರು, ಈಗಿನ ನಂಬರು, ಕೊನೆಗೆ ಪಿಐಡಿ, ಅಂದರೆ ಪಾಲಿಕೆ ಕೊಟ್ಟ ಆಸ್ತಿ ಗುರುತಿನ ಸಂಖ್ಯೆ. ಗುಮಾಸ್ತರು ನಿವೃತ್ತರಾಗುವ ಮೊದಲು ಅವರ ಎದುರು ಕೂತು ತಾಳೆ ನೋಡಿದೆವು. ನನ್ನ ಕಾರ್ಯದರ್ಶಿಗಿರಿಯಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅಂದರೆ ಅದೊಂದೇ. ಉಳಿದದ್ದೆಲ್ಲ ಗಣೇಶನ ಪೆಂಡಾಲ್.

ದೊಡ್ಡಮ್ಮನ ಭೂಪರಿವರ್ತನೆ ಆದೇಶ ಸರಿಯಾಗಿತ್ತು, ರಸೀದಿ ಸಿಕ್ಕಿತು, ರಿಜಿಸ್ಟರಿನ ನಕಲು ಸಿಕ್ಕಿತು. ಮನೆ ಎ ಖಾತೆಗೆ ಬಂತು. ಮಗಳ ಮದುವೆ ಅಷ್ಟರಲ್ಲಿ ಚಿನ್ನ ಅಡವಿಟ್ಟು ಮುಗಿದಿತ್ತು.

ನೀರು, ಮತ್ತೆ ನೀರು

ಖಾತೆಯ ಕಥೆ ಸುಖಾಂತ್ಯ ಅಂದುಕೊಂಡರೆ, ನೀರಿನದು ಹಾಗೆ ಹೇಳಲು ಬರುವುದಿಲ್ಲ. ನಗರಸಭೆ ಇರುವಾಗಲೇ ಏಳು ನಗರಸಭೆ, ಒಂದು ಪುರಸಭೆಗೆ ಕಾವೇರಿ ನೀರಿನ ಕೊಳವೆ ಹಾಕುವ ಯೋಜನೆ ಬಂದಿತ್ತು. ಜನರಿಂದ ಸೈಟಿನ ಅಳತೆಗೆ ತಕ್ಕಂತೆ ಮುಂಚಿತವಾಗಿ ವಂತಿಗೆ ವಸೂಲಿ ಮಾಡಿದರು. ನೀರಿಗೆ ಮೊದಲು ದುಡ್ಡು ಅಂತ ಆಗ ಬೇಕಾದಷ್ಟು ಗಲಾಟೆ ಆಯಿತು. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ, ದಿನಕ್ಕೆ 500 ದಶಲಕ್ಷ ಲೀಟರ್‌ನದು, ಚಾಲೂ ಆದದ್ದು 2012ರಲ್ಲಿ. 110 ಹಳ್ಳಿಗಳ ಪಾಡು ಇನ್ನೂ ಉದ್ದ. ಅವುಗಳನ್ನು ಲೆಕ್ಕದಲ್ಲಿಟ್ಟುಕೊಂಡು ಕಟ್ಟಿದ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್‌ನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ಕ್ಕೆ. ಊರಿಗೆ ಸೇರಿಸಿ ಹದಿನೇಳು ವರ್ಷವಾದ ಮೇಲೆ.

ಆಡಳಿತದ ಕಡೆಯಿಂದ ನೋಡಿದರೆ ಇಲ್ಲಿನ ಮುಖ್ಯ ಬದಲಾವಣೆ ಬಾಗಿಲುಗಳದ್ದು. ನಗರಸಭೆಯಲ್ಲಿ ರಸ್ತೆ, ನೀರು, ಚರಂಡಿ ಎಲ್ಲ ಒಂದೇ ಕಟ್ಟಡ. ಬೆಂಗಳೂರಿನಲ್ಲಿ ರಸ್ತೆ ಪಾಲಿಕೆಯದು, ನೀರು ಮತ್ತು ಒಳಚರಂಡಿ ಜಲಮಂಡಳಿಯದು. ಜಲಮಂಡಳಿ ಅಗೆದ ರಸ್ತೆಯನ್ನು ಪಾಲಿಕೆ ಮುಚ್ಚಬೇಕು. ಬೋರ್‌ವೆಲ್ ಕೆಟ್ಟರೆ ಅದು ಯಾರದು ಅಂತ ಮೊದಲು ತೀರ್ಮಾನವಾಗಬೇಕು. ನೀರು ಜಾಸ್ತಿಯಾಯಿತು, ಗುಣವೂ ಸುಧಾರಿಸಿತು. ಅದಕ್ಕೆ ಋಣಿಯಾಗಿರಲೇಬೇಕು. ವಾಟರ್‌ಮನ್ ಎಲ್ಲಿ ಚಹಾ ಕುಡಿಯುತ್ತಾನೆ ಅನ್ನುವುದು ಮಾತ್ರ ಈಗ ಯಾರಿಗೂ ಗೊತ್ತಿಲ್ಲ.

2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು, ಪಕ್ಕದ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದೊಳಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರತರಬೇಕಾಯಿತು. ದೊಡ್ಡಮ್ಮ ಟೀವಿಯಲ್ಲಿ ನೋಡಿ, 'ಅಲ್ಲಿ ನೀರು ಬರ್ದೆ ಇನ್ನೆಲ್ಲಿ ಬರುತ್ತೆ? ಅದು ನೀರು ಓಡ್ತಿದ್ದ ಜಾಗ' ಅಂದರು. ಮೇಲಿನ ಕೆರೆ ತುಂಬಿ ಕೆಳಗಿನದಕ್ಕೆ ಹರಿಯುವ ಕಾಲುವೆ ಎಲ್ಲಿತ್ತು ಅಂತ ಹಳಬರಿಗೆ ಬಾಯಿಪಾಠ. ಖಾನೇಷುಮಾರಿ ನಂಬರಿನ ಹಾಗೇ ಇದೂ ಒಂದು.

ವಾರ್ಡ್ ನಂಬರ್ ಒಂದು

2010ರಲ್ಲಿ ಪಾಲಿಕೆಯ 198 ವಾರ್ಡ್‌ಗಳ ಪಟ್ಟಿಯಲ್ಲಿ ಮೊದಲ ವಾರ್ಡ್ ನಮ್ಮ ಯಲಹಂಕದ್ದು: ಕೆಂಪೇಗೌಡ ವಾರ್ಡ್. ಎರಡು ಚೌಡೇಶ್ವರಿ ವಾರ್ಡ್, ಮೂರು ಅಟ್ಟೂರು, ನಾಲ್ಕು ಯಲಹಂಕ ಉಪನಗರ. ಹೆಸರಿಗೆ ಮರ್ಯಾದೆ ಸಿಕ್ಕಿತು, ಪಟ್ಟಿಯ ತಲೆಯಲ್ಲೇ ಕೂರಿಸಿದರು. ಹತ್ತಾರು ಸದಸ್ಯರು ಕೂತು ಜಗಳವಾಡುತ್ತಿದ್ದ ಊರಿಗೆ ಈಗ 198ರಲ್ಲಿ ಬೆರಳೆಣಿಕೆಯ ದನಿ. 2015ರಲ್ಲಿ ಇನ್ನೊಂದು ಚುನಾವಣೆ ನಡೆಯಿತು, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಮತ್ತೆ ಆಡಳಿತಾಧಿಕಾರಿ.

ಆಮೇಲೆ ಆದದ್ದು ನಿಮಗೂ ಗೊತ್ತು. ಒಂದು ಮಾಡಿದ್ದು ದೊಡ್ಡದಾಯಿತು ಅಂತ ಮತ್ತೆ ಪಾಲು ಮಾಡಿದರು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು. ಯಲಹಂಕ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಬಂತು. ಇದರ ನಡುವೆ ಎಲ್ಲರೂ ಇ-ಖಾತಾ ಮಾಡಿಸಿಕೊಳ್ಳಬೇಕಾಯಿತು. 2024ರ ಅಕ್ಟೋಬರಿನಿಂದ ಅದಿಲ್ಲದೆ ಆಸ್ತಿ ನೋಂದಣಿ ಇಲ್ಲ. ಕಂಪ್ಯೂಟರಿನಲ್ಲಿ ದೊಡ್ಡಮ್ಮನ ಕರಡು ತೆರೆದರೆ ಮತ್ತೆ ಒಂದು ನಂಬರು ತಪ್ಪು. ಈ ಸಲ ಓಡಾಟ ಇರಲಿಲ್ಲ. ಆ ಉದ್ದನೆ ನೋಟ್‌ಬುಕ್ ತೆಗೆದೆವು, ಪಕ್ಕದ ಮನೆ ಹುಡುಗ ಫೋನಿನಲ್ಲಿ ಫೋಟೋ ಹೊಡೆದ, ರಸೀದಿಯನ್ನೂ ಸೇರಿಸಿ ಹಾಕಿದ. ಸರಿಯಾಯಿತು.

ಹೊಸ ಪಾಲಿಕೆಯ ಹೆಸರಿರುವ ಪ್ರತಿಯನ್ನು ನಾನೇ ಪ್ರಿಂಟ್ ತೆಗೆಸಿ ಕೊಟ್ಟೆ. ಮಾಸಿದ ಗುಲಾಬಿ ರಸೀದಿ ಇನ್ನು ಬೇಡ, ಎಲ್ಲ ಕಂಪ್ಯೂಟರಿನಲ್ಲಿದೆ ಅಂದೆ. ದೊಡ್ಡಮ್ಮ ನನ್ನ ಮುಖ ನೋಡಿದರು. ಐದನೇ ಮೊಹರಿನ ಕಾಗದವನ್ನು ಮಡಚಿ, ಗುಲಾಬಿ ರಸೀದಿಯ ಜೊತೆಗೇ ಸೀರೆ ಅಂಗಡಿ ಕವರಿಗೆ ಸೇರಿಸಿ, ಟ್ರಂಕಿನ ತಳಕ್ಕೆ ತಳ್ಳಿದರು. ಆಮೇಲೆ ಚೀಲ ಕೈಗೆ ತಗೊಂಡು ಬಾಗಿಲು ಹಾಕುತ್ತಾ ಕೇಳಿದರು: 'ಬೆಂಗಳೂರಿಗೆ ಹೋಗಿ ಬರ್ತೀನಪ್ಪಾ, ಚಿಕ್ಕಪೇಟೆಯಿಂದ ಏನಾದ್ರೂ ತರ್ಬೇಕಾ?'